ಗಾಡಿಗೂ ಉಸಿರು ಕಟ್ಟುತ್ತದೆ!



ಈ ಸಲ ಅಡಿಗೆಮನೆ ಬಿಟ್ಟು ಅಂಗಳದಲ್ಲಿ ನಿಂತ ಕಾರಿನ ಸುದ್ದಿ ಹೇಳುತ್ತೇನೆ. ‘ಅದು ಗಂಡಸರ ಬಾಬತ್ತು’ ಎಂದು ಪುಟ ತಿರುವಬೇಡಿ. ರಿಪೇರಿಯ ದುಡ್ಡು ಕೊನೆಗೆ ಹೋಗುವುದು ನಮ್ಮ ಸಾಸಿವೆ ಡಬ್ಬಿಯಿಂದಲೇ ಅಲ್ಲವೆ?

ಸಂಕ್ರಾಂತಿ ಕಳೆದ ಮೇಲೆ ಗಜೇಂದ್ರಗಡದಲ್ಲಿರುವ ಮಗಳ ಕುಬಸಕ್ಕೆಂದು ರೋಣದಿಂದ ಹೊರಟಿದ್ದೆವು. ನಮ್ಮದು ಹಳೆಯ ಪೆಟ್ರೋಲ್ ಕಾರು. ಎರಡು ತಿಂಗಳಿಂದ ಶೆಡ್ಡಿನಲ್ಲಿ ಹತ್ತಿ, ಹೆಸರಿನ ಚೀಲಗಳ ಪಕ್ಕದಲ್ಲೇ ನಿಂತಿತ್ತು. ದಾರಿಯಲ್ಲಿ ಮುಂದಿದ್ದ ಟ್ರ್ಯಾಕ್ಟರ್ ದಾಟಲೆಂದು ನಮ್ಮವರು ಎಕ್ಸಲೇಟರ್ ಒತ್ತಿದರು. ಇಂಜಿನ್ ಗೊಂಯ್ಯೆಂದು ನರಳಿತೇ ಹೊರತು ಗಾಡಿ ಎಳೆಯಲಿಲ್ಲ. ಎದುರಿಗೆ ಲಾರಿ! ಹೇಗೋ ಹಿಂದೆ ಸರಿದೆವು. ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ನಾನು ಬಿಗಿಯಾಗಿ ಹಿಡಿದುಕೊಂಡದ್ದು ಇನ್ನೂ ನೆನಪಿದೆ.

ತೆವಳುತ್ತ ಹೋಗಿ, ತೆವಳುತ್ತ ಮರಳಿದ ಮೇಲೆ ಒಂದು ಗ್ಯಾರೇಜಿಗೆ ಒಯ್ದೆವು. ಬಾನೆಟ್ ಸಹ ಎತ್ತಲಿಲ್ಲ. “ಇಂಜಿನ್ ಬಿಚ್ಚಬೇಕ್ರಿ ಅಕ್ಕಾರ, ಇಪ್ಪತ್ತೈದು ಸಾವಿರ ಆಗತೈತಿ” ಅಂದರು. ಚೊಚ್ಚಲ ಹೆರಿಗೆ ತವರಿನದು. ಅದಕ್ಕೆಂದು ಕೂಡಿಟ್ಟ ದುಡ್ಡೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ರಾತ್ರಿ ಈ ಮಾತು ನಡೆದಾಗ ನಮ್ಮ ಅತ್ತೆ ಮೂಲೆಯಿಂದಲೇ ಕೇಳಿದರು: “ಅಲ್ಲವಾ, ಒಲಿ ಉರೀಲಿಲ್ಲಂದ್ರ ಒಲೀನ ಒಡೀತೀರೇನ? ಮದಲ ಗಾಳಿ ಆಡತೈತೋ ಇಲ್ಲೋ ನೋಡ್ರಿ.”

ನರಗುಂದದಲ್ಲಿ ಬಾಡಿಗೆ ಗಾಡಿ ಓಡಿಸುವ ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನೂ ಅದನ್ನೇ ಅಂದ: “ಎರಿ ಮಣ್ಣಿನ ಧೂಳಿನ ಸೀಮಿ ನಮ್ಮದು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಕ್ಕಾ.” ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ನಮ್ಮವರು ಡಬ್ಬಿಯ ಕ್ಲಿಪ್ಪು ಬಿಚ್ಚಿದರು. ಒಳಗೇನಿತ್ತು ಗೊತ್ತೆ? ಇಲಿಯ ಗೂಡು! ಹತ್ತಿ, ಹೆಸರಿನ ಹೊಟ್ಟು, ನನ್ನದೇ ಹಳೆಯ ಸೀರೆಯ ಚಿಂದಿ! ಫಿಲ್ಟರ್ ಮಣ್ಣಿನ ಹೆಂಟೆಯಂತಾಗಿತ್ತು. ಗೂಡು ತೆಗೆದು, ಕೆಲವು ನೂರು ರೂಪಾಯಿಯ ಹೊಸ ಫಿಲ್ಟರ್ ಹಾಕಿದೆವು. ಇಲಿ ವೈರು ಕಡಿದಿಲ್ಲವೆಂದು ನೋಡಿಕೊಂಡೆವು. ಗಾಡಿ ಮೊದಲಿನಂತೆ ಎಳೆಯಿತು.

ಎಲ್ಲರ ಗಾಡಿಯಲ್ಲೂ ಇಲಿಯೇ ಇರುತ್ತದೆಂದಲ್ಲ. ಆದರೆ ಒಲೆಗೆ ಹೇಗೋ ಇಂಜಿನ್ನಿಗೂ ಹಾಗೆ: ಗಾಳಿ ಬೇಕು, ಎಣ್ಣೆ ಬೇಕು, ಕಿಡಿ ಬೇಕು. ಡೀಸೆಲ್ ಗಾಡಿಗೆ ಮಾತ್ರ ಕಿಡಿ ಬೇಡ, ಒತ್ತಿದ ಗಾಳಿಯ ಕಾವೇ ಸಾಕು. ಯಾವುದು ಕಡಿಮೆಯಾಗಿದೆ ಎಂಬುದರ ಗುರುತು ನಮಗೂ ಸಿಗುತ್ತದೆ.

ಗ್ಯಾಸಿಗೆ ಗಾಳಿ ಸಾಲದಿದ್ದರೆ ಪಾತ್ರೆಯ ತಳ ಕಪ್ಪಾಗುವುದಿಲ್ಲವೆ? ಹಾಗೆಯೇ ಕಾರು ಕಪ್ಪು ಹೊಗೆ ಬಿಟ್ಟರೆ ಗಾಳಿ ಕಡಿಮೆ, ಇಲ್ಲವೆ ಎಣ್ಣೆ ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಿಸಿ. ಅದು ಕಾಗದದ್ದು, ನೀರಿನಲ್ಲಿ ಒಗೆಯಲು ಹೋಗಬೇಡಿ!

ಊರೊಳಗೆ ಚೆನ್ನಾಗಿದ್ದು, ಏರಿನಲ್ಲಿ ಅಥವಾ ಜೋರು ಓಡಿಸುವಾಗ ಮುಗ್ಗರಿಸಿದರೆ ಪೆಟ್ರೋಲ್ ಅಥವಾ ಡೀಸೆಲ್ ಸಾಲದೆ ಬರುತ್ತಿರಬಹುದು. ಫ್ಯುಯೆಲ್ ಫಿಲ್ಟರ್ ಕಟ್ಟಿರಬಹುದು. ನಿಂತಲ್ಲೇ ಗಡಗಡ ನಡುಗಿದರೆ ಸ್ಪಾರ್ಕ್ ಪ್ಲಗ್ ನೋಡಿಸಿ.

ಇಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ, ಹಿಟ್ಟಿನ ಗಿರಣಿಯ ಪಟ್ಟಾ ಜಾರಿದಂತೆ, ಕ್ಲಚ್ ಜಾರುತ್ತಿದೆ ಎಂದು ತಿಳಿಯಿರಿ. ಓಡಿ ಬಂದ ಮೇಲೆ ಒಂದೇ ಗಾಲಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುತ್ತದೆ. ಮುಟ್ಟಬೇಡಿ, ದೂರದಿಂದ ಕೈ ಹಿಡಿದರೇ ಕಾವು ತಿಳಿಯುತ್ತದೆ. ಟೈರಿನ ಗಾಳಿ ಇಳಿದರೂ ಗಾಡಿ ಭಾರವಾಗುತ್ತದೆ.

ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಆಗ ದೊಡ್ಡ ಕೆಲಸವೇ ಇರಬಹುದು. ಮೆಕ್ಯಾನಿಕ್ ಹೇಳಿದ್ದನ್ನು ಸುಳ್ಳೆನ್ನಬೇಡಿ.

ಹೊಸ ಗಾಡಿಗಳಲ್ಲಿ ಇಂಜಿನ್ ಚಿತ್ರದ ಹಳದಿ ದೀಪವೊಂದಿದೆ. ಅದು ಹತ್ತಿಯೇ ಇದ್ದರೆ ಬೇಗ ಗ್ಯಾರೇಜಿಗೆ ಒಯ್ದು ಸ್ಕ್ಯಾನರ್ ಹಚ್ಚಿಸಿ. ಮಿಣುಕುತ್ತಿದ್ದರೆ ಮುಂದೆ ಓಡಿಸದೆ ಬದಿಗೆ ನಿಲ್ಲಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿನವೂ ಬರೀ ಶಾಲೆ, ಸಂತೆ ಎಂದು ಸಣ್ಣ ಓಡಾಟವೇ ಆದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹದಿನೈದಿಪ್ಪತ್ತು ನಿಮಿಷ ದೊಡ್ಡ ರಸ್ತೆಯಲ್ಲಿ ಒಂದೇ ಸಮನೆ ಓಡಿಸಿದರೆ ಮಸಿ ಸುಟ್ಟು ಹೋಗುತ್ತದೆ.

ಗ್ಯಾರೇಜಿಗೆ ಹೋದಾಗ ‘ಎಳಿಯಾಕತ್ತಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವಾಗ, ಏರಿನಲ್ಲೋ ಸಪಾಟಿನಲ್ಲೋ, ಹೊಗೆಯ ಬಣ್ಣವೇನು, ಸದ್ದು ಹೇಗೆ ಎಂದು ಬರೆದುಕೊಂಡು ಹೋಗಿ. ಅಗ್ಗದ್ದನ್ನು ಮೊದಲು ನೋಡಿಸಿ, ಇಂಜಿನ್ ಬಿಚ್ಚುವುದು ಕಡೆಗೆ. ಮತ್ತೆ ಒಂದು ಮಾತು: ಎಳೆಯದ ಗಾಡಿಯಲ್ಲಿ ಯಾರನ್ನೂ ದಾಟಲು ಹೋಗಬೇಡಿ. ಟ್ರ್ಯಾಕ್ಟರ್ ಹಿಂದೆ ಹೋದರೆ ತಡವಾಗುತ್ತದೆ, ಅಷ್ಟೆ.

ಯುಗಾದಿಗೆ ಮುಂಚೆ ಒಂದು ಸರಿರಾತ್ರಿ ಮಗಳಿಗೆ ನೋವು ಕಾಣಿಸಿಕೊಂಡಾಗ ಇದೇ ಕಾರು ಅವಳನ್ನು ಗದಗಿಗೆ ಮುಟ್ಟಿಸಿತು, ಎಲ್ಲೂ ಮುಗ್ಗರಿಸಲಿಲ್ಲ. ಕೂಡಿಟ್ಟ ದುಡ್ಡು ಮೊಮ್ಮಗಳ ಪಾಲಿಗೇ ಉಳಿಯಿತು. ಈಗ ಶೆಡ್ಡಿನಲ್ಲಿ ಕಾಳಿನ ಚೀಲ ಇಡುವುದನ್ನು ಬಿಟ್ಟಿದ್ದೇವೆ. ತಿಂಗಳಿಗೊಮ್ಮೆ ಅತ್ತೆಯೇ ಕೇಳುತ್ತಾರೆ: “ಡಬ್ಬಿ ತಗದು ನೋಡೀರಿಲ್ಲೋ?”

ನೀವೂ ಒಮ್ಮೆ ತೆಗೆಸಿ ನೋಡಿ, ಏನಂತೀರಿ?