ಕೂಟಲೇಖದ ಕಾಲದಲ್ಲಿ ಅಮೂಢದೃಷ್ಟಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಬಂಡೆಶಾಸನವೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನ ಒಂದು ಅಧಿಕೃತ ಪತ್ರದ ರೂಪದಲ್ಲಿದೆ. ಸುವರ್ಣಗಿರಿಯ ಆರ್ಯಪುತ್ರ ಹಾಗೂ ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಬಂದ ಸಂದೇಶವೆಂದು ಅದು ಆರಂಭದಲ್ಲೇ ತಿಳಿಸುತ್ತದೆ. ಸತ್ಯವನ್ನು ನುಡಿಯಬೇಕೆಂದು ವಿಧಿಸುತ್ತದೆ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರನ್ನೂ ಹೇಳುತ್ತದೆ. ಕಳುಹಿಸಿದವರು, ಪಡೆಯುವವರು, ಬರೆದವನು ಮೂವರೂ ಅಲ್ಲಿ ಸ್ಪಷ್ಟ. ಅದೇ ನೆಲದ ಜನರ ಮೊಬೈಲಿಗೆ ಇಂದು ಬರುವ ವಂಚನೆಯ ಇ-ಮೇಲ್‌ನಲ್ಲಿ ಪಡೆಯುವವರ ವಿಳಾಸವೊಂದೇ ನಿಜ, ಉಳಿದೆರಡೂ ಸುಳ್ಳು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ಕೂಟಲೇಖಕ್ರಿಯೆ’ಯನ್ನು ಹೆಸರಿಸಿದ್ದಾರೆ. ಒಬ್ಬರು ಹೇಳದಿದ್ದುದನ್ನು ಅವರೇ ಹೇಳಿದರೆಂಬಂತೆ ವಂಚನೆಗಾಗಿ ಬರೆಯುವುದೇ ಕೂಟಲೇಖ. ಲಕೋಟೆಯ ಹಿಂಬದಿಯಲ್ಲಿ ಯಾರ ಹೆಸರನ್ನಾದರೂ ಬರೆದು ಅಂಚೆಗೆ ಹಾಕಬಹುದಾದಂತೆ, ಇ-ಮೇಲ್‌ನಲ್ಲಿ ಕಳುಹಿಸಿದವರೆಂದು ಕಾಣುವ ಹೆಸರನ್ನೂ ಬೇಕಾದಂತೆ ಬರೆಯಬಹುದು. ಆದಾಯ ತೆರಿಗೆಯ ಮರುಪಾವತಿ, ಬ್ಯಾಂಕಿನ ಕೆವೈಸಿ, ಪೊಲೀಸ್ ಆಯುಕ್ತರ ನೋಟಿಸು ಎಲ್ಲವೂ ಇದೇ ಕೂಟಲೇಖದ ಹೊಸ ವೇಷಗಳು.

ಇಂಥ ಪತ್ರಗಳಿಗೆ ಜನ ಏಕೆ ಮರುಳಾಗುತ್ತಾರೆ? ‘ದುರಾಸೆಯಿಂದ’ ಎಂಬುದು ಸುಲಭದ ಉತ್ತರ. ಅಪರಿಚಿತ ಶ್ರೀಮಂತನ ಆಸ್ತಿಯಲ್ಲಿ ಪಾಲು ಕೊಡುವೆನೆಂಬ ಪತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಅಲ್ಲಿ ಬರೆದವನ ಮಾಯಾಕಷಾಯ ಓದಿದವನ ಲೋಭಕಷಾಯವನ್ನು ಅರಸಿ ಬರುತ್ತದೆ. ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ 2012ರ ತಮ್ಮ ಪ್ರಬಂಧದಲ್ಲಿ, ಇಂಥ ಪತ್ರಗಳು ನಂಬಲಾರದಷ್ಟು ಒರಟಾಗಿರುವುದೇ ಒಂದು ಜರಡಿಯೆಂದು ವಾದಿಸಿದರು. ಅನುಮಾನಿಸುವವರು ಮೊದಲೇ ಸರಿದುಹೋದರೆ ವಂಚಕನ ಶ್ರಮ ಉಳಿಯುತ್ತದೆ.

ಆದರೆ ಎಲ್ಲ ಪತ್ರಗಳೂ ಲೋಭಕ್ಕೆ ಬೀಸಿದ ಬಲೆಯಲ್ಲ. ಪೊಲೀಸರ ಹೆಸರಿನ ನೋಟಿಸು ಕೆಣಕುವುದು ಭಯವನ್ನು. ಜೈನಾಗಮವು ಭಯವನ್ನು ನೋಕಷಾಯಗಳಲ್ಲಿ ಒಂದಾಗಿ ಎಣಿಸಿದೆ. ಇನ್ನು ಕೆಲವು ಕಾಯುವುದು ನಮ್ಮ ಪ್ರಮಾದವನ್ನು ಮಾತ್ರ. ಚಳ್ಳಕೆರೆಯ ಶೇಂಗಾ ವರ್ತಕರೊಬ್ಬರಿಗೆ ಪರಿಚಿತ ಎಣ್ಣೆ ಗಿರಣಿಯ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಮೇಲ್ ಬಂದರೆ, ವಿಳಾಸದಲ್ಲಿ ಒಂದಕ್ಷರ ವ್ಯತ್ಯಾಸವಾದುದು ವ್ಯಾಪಾರದ ಗಡಿಬಿಡಿಯಲ್ಲಿ ಕಾಣದೇ ಹೋಗಬಹುದು. ಮೊಳಕಾಲ್ಮುರಿನ ರೇಷ್ಮೆ ಸೀರೆಯ ನೇಕಾರರಿಗೆ ದೂರದೇಶದ ದೊಡ್ಡ ಬೇಡಿಕೆಯೊಂದು ಬಂದು, ‘ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದರೆ, ಅಲ್ಲಿರುವುದು ದುರಾಸೆಯಲ್ಲ, ಹೊಟ್ಟೆಪಾಡಿನ ಆಸೆ. ಗೂಗಲ್ ಮತ್ತು ಫೇಸ್‌ಬುಕ್‌ನಂಥ ಕಂಪನಿಗಳೇ 2013ರಿಂದ 2015ರ ನಡುವೆ ನಕಲಿ ಬಿಲ್ಲಿನ ಇ-ಮೇಲ್‌ಗಳನ್ನು ನಂಬಿ 10 ಕೋಟಿ ಡಾಲರಿಗೂ ಹೆಚ್ಚು ಹಣ ಕಳುಹಿಸಿದ್ದವು. ಅಕ್ಷರಜ್ಞಾನವೊಂದೇ ಇಲ್ಲಿ ಕಾವಲಲ್ಲ.

ಈ ಜಾಲದಲ್ಲಿ ಇನ್ನೊಬ್ಬ ಪಾತ್ರಧಾರಿಯೂ ಇದ್ದಾನೆ: ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಅನ್ಯರ ಬಳಕೆಗೆ ಬಿಡುವವನು. ‘ಪತ್ರ ಬರೆದವನು ನಾನಲ್ಲ’ ಎಂಬ ಸಮಾಧಾನ ಅವನದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ತದಾಹೃತಾದಾನ’, ಎಂದರೆ ಕಳ್ಳರು ತಂದುದನ್ನು ಸ್ವೀಕರಿಸುವುದು, ಪ್ರತ್ಯೇಕವಾಗಿ ಸೇರಿರುವುದು ಇಂಥ ಸಮಾಧಾನಕ್ಕೆ ಆಸ್ಪದವಿರಬಾರದೆಂದೇ.

2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡ ಹಣ ₹22,845 ಕೋಟಿಯೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಹೇಳಿಕೊಳ್ಳಲು ನಾಚಿ ಸುಮ್ಮನಾದವರ ನಷ್ಟ ಇಂಥ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆ ಮೌನವೇ ವಂಚಕನ ಎರಡನೆಯ ಗೆಲುವು. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ, ಅದು ಕೈಯಿಂದ ಕೈಗೆ ಜಾರುವ ಮುನ್ನ ಖಾತೆಯಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ಆದರೆ ಬಹಳ ಮನೆಗಳಲ್ಲಿ ಆ ಅಮೂಲ್ಯ ಗಳಿಗೆಗಳು ಕಳೆಯುವುದು ‘ಮಗ ಏನೆಂದಾನು, ನೆರೆಯವರು ನಕ್ಕಾರು’ ಎಂಬ ಅಳುಕಿನಲ್ಲಿ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರು ಇಲ್ಲಿ ದಾರಿ ತೋರಬಲ್ಲವು. ಅಮೂಢದೃಷ್ಟಿಯು ಮೂಲತಃ ದೇವ, ಗುರು, ಧರ್ಮಗಳ ವಿಷಯದಲ್ಲಿ ಹೇಳಿದ್ದಾದರೂ, ಮುದ್ರೆ ಮತ್ತು ಲಾಂಛನಗಳ ಆಡಂಬರಕ್ಕೆ ಮರುಳಾಗದಿರುವ ವಿವೇಕವನ್ನು ಲೋಕವ್ಯವಹಾರದಲ್ಲೂ ಕಲಿಸುತ್ತದೆ. ‘ಈಗಲೇ ಕಳುಹಿಸಿ’ ಎಂಬ ಪತ್ರವನ್ನು ಬದಿಗಿಟ್ಟು, ತಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದೇ ಅದರ ಆಚರಣೆ. ಉಳಿದೆರಡು ಅಂಗಗಳು ಮನೆಯವರ ಪಾಲಿನವು. ಅರಿಯದೆ ಎಡವಿದವರ ದೋಷವನ್ನು ಬೀದಿಗೆ ತಾರದಿರುವುದು ಉಪಗೂಹನ. ಕುಸಿದವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಉಪಗೂಹನವೆಂದರೆ ಅಪರಾಧವನ್ನೇ ಮುಚ್ಚಿಡುವುದೆಂದಲ್ಲ. ದೂರು ಠಾಣೆಗೆ ಹೋಗಲೇಬೇಕು. ಮುಚ್ಚಬೇಕಾದುದು ಹಂಗಿಸುವ ಬಾಯಿಯನ್ನು.

ವಂಚಿಸಿದವನಿಗೆ ಮಾಯೆಯ ಕರ್ಮಬಂಧ ತಪ್ಪದು. ವಂಚನೆಗೊಳಗಾದವರಿಗೆ ಆಗುವುದು ಧನನಷ್ಟ; ಅದರ ಮೇಲೆ ಮಾನನಷ್ಟವನ್ನೂ ಹೇರುವ ಅಧಿಕಾರ ಯಾರಿಗೂ ಇಲ್ಲ. ಇಂದು ಮನೆಯ ಹಿರಿಯರಿಗೆ ಹೇಳಿಡಬೇಕಾದ ಮಾತು ಒಂದೇ: ‘ಏನೇ ಆದರೂ ಮೊದಲು ನಮಗೆ ಹೇಳಿ, ನಾವು ಬಯ್ಯುವುದಿಲ್ಲ.’ ಆ ಮಾತನ್ನು ನಡೆಸಿಕೊಡುವುದೂ ಸತ್ಯಾಣುವ್ರತದ ಪಾಲನೆಯೇ.