ಬುಧವಾರ ರಾತ್ರಿಯ ಮೀನು

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ಮೀನು ತಿನ್ನೋ ಮನೆಗಳಲ್ಲಿ ಮೀನು ಅಂದ್ರೆ ಭಾನುವಾರ. ಸೋಮವಾರ ಕೆಲವರಿಗೆ ಆಗಲ್ಲ, ಗುರುವಾರ ಇನ್ನು ಕೆಲವರಿಗೆ ಆಗಲ್ಲ, ಶನಿವಾರ ಬಹಳ ಮಂದಿಗೆ ಆಗಲ್ಲ. ಸರಿ, ಬುಧವಾರಕ್ಕೆ ಯಾವ ದೇವರ ತಕರಾರೂ ಇಲ್ವಲ್ಲ? ಆದ್ರೂ ಬುಧವಾರ ರಾತ್ರಿ ಮೀನು ಯಾಕೆ ಮಾಡಲ್ಲ? ಇದಕ್ಕೆ ಉತ್ತರ ದೇವರ ಕೋಣೆಯಲ್ಲಿಲ್ಲ, ರುಬ್ಬೋ ಕಲ್ಲಿನ ಹತ್ತಿರ ಇದೆ.

ಮೀನು ಸಾರಿನ ಕೆಲಸ ಒಂದ್ಸಲ ಲೆಕ್ಕ ಹಾಕಿ. ಮೀನು ಕ್ಲೀನ್ ಮಾಡ್ಬೇಕು, ಕಾಯಿ ತುರೀಬೇಕು, ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಮೆಂತೆ ಹುರೀಬೇಕು, ರುಬ್ಬಬೇಕು, ಹುಳಿ ಕಿವುಚಬೇಕು, ಕುದಿಸಬೇಕು. ಜೊತೆಗೆ ಕಡುಬೋ ಅಕ್ಕಿ ರೊಟ್ಟಿಯೋ ಆಗ್ಲೇಬೇಕು. ಮಿಕ್ಸಿ ಬಂದ ಮೇಲೂ ಎರಡು ಗಂಟೆ ಹತ್ತಿರ ಹತ್ತಿರ ಕೆಲಸ. ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ ಇಷ್ಟೂ ಕೆಲಸ ಓಡೋದು ಒಂದೇ ಥ್ರೆಡ್ಡಿನಲ್ಲಿ, ಆ ಥ್ರೆಡ್ಡಿನ ಹೆಸರು ಅಮ್ಮ :-)

ಈಗ ಬೆಂಗಳೂರಿಗೆ ಬನ್ನಿ. ಗಂಡ ಹೆಂಡತಿ ಇಬ್ರೂ ಆಫೀಸಿಂದ ಮನೆ ಸೇರೋದು ರಾತ್ರಿ ಎಂಟಕ್ಕೆ. ಆ ಹೊತ್ತಿಗೆ ಯಾರು ರುಬ್ತಾರೆ? ಹಾಗಾಗಿ ಫೋನ್ ತೆಗೆದು ಆರ್ಡರ್ ಮಾಡೋದು, ಇಲ್ಲಾ ಮೊಸರನ್ನ. ಮೀನು ತಿನ್ನೋ ಆಸೆಯಾದ್ರೆ ಊರಿಗೇ ಹೋಗ್ಬೇಕು. ಹೋದಾಗ ಅಮ್ಮ ಮತ್ತೆ ಕಲ್ಲಿನ ಮುಂದೆ ಕೂರ್ಬೇಕು.

ಇದಕ್ಕೆ ನನ್ನ ಹತ್ರ ಇರೋ ಪರಿಹಾರ ಮೆಡಿಟರೇನಿಯನ್ ಸಮುದ್ರದ ದಂಡೆಯದ್ದು. ಟೊಮ್ಯಾಟೊ, ಆಲಿವ್ ಜೊತೆ ಓವನ್ನಿನಲ್ಲಿ ಬೇಯಿಸಿದ ಮೀನು. "ಓಹೋ, ಸಾಫ್ಟ್‌ವೇರ್ ಇಂಜಿನಿಯರ್ ಶುರು ಮಾಡ್ದ" ಅಂತ ನಗಬೇಡಿ, ಪೂರ್ತಿ ಕೇಳಿ.

ನಾಲ್ಕೈದು ಹಣ್ಣಾದ ಟೊಮ್ಯಾಟೊ, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಹೆಚ್ಚಿ, ಎರಡು ಚಮಚ ಎಣ್ಣೆ, ಸ್ವಲ್ಪ ಕಾಳುಮೆಣಸಿನ ಪುಡಿ ಬೆರೆಸಿ ಗಾಜಿನ ಟ್ರೇಗೆ ಹಾಕಿ. 200 ಡಿಗ್ರಿ ಕಾದ ಓವನ್ನಿನಲ್ಲಿ 20 ನಿಮಿಷ. ಟೊಮ್ಯಾಟೊ ಕರಗಿ ಗೊಜ್ಜಿನ ಥರ ಆದ ಮೇಲೆ ಅರ್ಧ ಕೆಜಿ ಮೀನು, ಹತ್ತು ಆಲಿವ್ ಮೇಲೆ ಜೋಡಿಸಿ ಇನ್ನೊಂದು 15 ನಿಮಿಷ. ಮುಗೀತು. ಓವನ್ ಇಲ್ವಾ? ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆಗೆ ಮುಚ್ಚಳ ಮುಚ್ಚಿ ಸಣ್ಣ ಉರಿ. ಬರೀ ಅಲ್ಯೂಮಿನಿಯಂ ಬೇಡ, ಹುಳಿಗೂ ಅದಕ್ಕೂ ಆಗಲ್ಲ. ಒಟ್ಟು ಮುಕ್ಕಾಲು ಗಂಟೆ, ಅದರಲ್ಲಿ ನಿಮ್ಮ ಕೈಕೆಲಸ ಹತ್ತೇ ನಿಮಿಷ. ತೊಳೆಯೋದೂ ಒಂದೇ ಪಾತ್ರೆ.

ಇದು ಕೆಲಸ ಮಾಡೋದು ಯಾಕಂದ್ರೆ ಮೀನು ಕೋಳಿ ಕುರಿ ಥರ ಅಲ್ಲ. ಅದರ ಮಾಂಸ ಮೆತ್ತಗೆ, ಬೇಗ ಬೇಯುತ್ತೆ. ಹೊತ್ತು ಹಿಡಿಯೋದೆಲ್ಲ ಮಸಾಲೆಗೆ. ಇನ್ನು ಹುಳಿ. ಸಮುದ್ರದ ಮೀನಿನ ವಾಸನೆಗೆ ಕಾರಣ ಟ್ರೈಮೀಥೈಲ್‌ಅಮೀನ್ ಅನ್ನೋ ಕ್ಷಾರ ಗುಣದ ವಸ್ತು. ಹುಳಿ ಅದನ್ನ ಹಿಡಿದು ಗಾಳಿಗೆ ಹಾರದ ಹಾಗೆ ಮಾಡುತ್ತೆ. ಕೆರೆ ಮೀನಿನ ಕೆಸರು ವಾಸನೆಗೆ ಕಾರಣ ಜಿಯೋಸ್ಮಿನ್, ಮೊದಲ ಮಳೆ ಬಿದ್ದಾಗ ಮಣ್ಣು ಘಮ್ ಅನ್ನುತ್ತಲ್ಲ, ಅದೇ ವಸ್ತು! ಹುಳಿ ಅದನ್ನೂ ಒಡೆಯುತ್ತೆ. ಇಟಲಿಯ ಅಜ್ಜಿಯ ಟೊಮ್ಯಾಟೊ, ನಮ್ಮಜ್ಜಿಯ ಉಪ್ಪಾಗೆ ಹುಳಿ ಮಾಡೋದು ಒಂದೇ ಕೆಲಸ. ಅಂದ ಹಾಗೆ ಟೊಮ್ಯಾಟೊ ಇಟಲಿಯದ್ದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕಾ ಖಂಡದಿಂದ ಹಡಗು ಹತ್ತಿ ಬಂದದ್ದು, ಮೆಣಸಿನಕಾಯಿ ಥರಾನೇ. ಹಾಗಾಗಿ "ನಮ್ಮದಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಆಲಿವ್ ಬಗ್ಗೆ ಮಾತ್ರ ನನ್ನ ತಕರಾರಿದೆ. ಮರದಿಂದ ಕಿತ್ತ ಆಲಿವ್ ತಿನ್ನೋಕಾಗದಷ್ಟು ಕಹಿ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪ್ಪು ನೀರಲ್ಲಿ ಹಾಕಿಟ್ಟ ಮೇಲೇ ಅದಕ್ಕೆ ಆ ರುಚಿ. ಕಾಯಿ, ಉಪ್ಪು, ನೀರು, ಭರಣಿ... ಎಲ್ಲೋ ಕೇಳಿದ ಹಾಗಿದ್ಯಾ? ನಮ್ಮ ಅಟ್ಟದ ಮೇಲೆ ಅಪ್ಪೆಮಿಡಿ ಕೂತಿರೋದೂ ಹೀಗೇ ಅಲ್ವಾ! ಅಂಬಟೆಕಾಯಿ, ಕವಳಿಕಾಯಿ ಕೂಡ. ಮೀನಿನ ಟ್ರೇಯಲ್ಲಿ ಆಲಿವ್ ಮಾಡೋದು ಎರಡೇ ಕೆಲಸ: ಅಲ್ಲಲ್ಲಿ ಉಪ್ಪು ಸಿಗೋ ಹಾಗೆ ಮಾಡೋದು, ಮೆತ್ತಗಿನ ಮೀನಿನ ಮಧ್ಯೆ ಹಲ್ಲಿಗೊಂದು ಗಟ್ಟಿ ತುಂಡು ಕೊಡೋದು. ಉಪ್ಪುನೀರಿನ ಮಿಡಿಯನ್ನ ತೊಳೆದು, ಹತ್ತು ನಿಮಿಷ ನೆನೆಸಿ, ಹೋಳು ಮಾಡಿ ಹಾಕಿದ್ರೆ ಎರಡೂ ಸಿಗುತ್ತೆ, ಜೊತೆಗೆ ಸೊನೆಯ ಪರಿಮಳ ಪುಕ್ಕಟೆ. ಬೇರೆ ಉಪ್ಪು ಮಾತ್ರ ಕೊನೆಗೆ ನೋಡಿ ಹಾಕಿ. 2023ರ ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ ನೂರು ದಾಟಿತ್ತಲ್ಲ, ಅಂಥ ದಿನಗಳಲ್ಲಿ ಎರಡೇ ಟೊಮ್ಯಾಟೊ, ಬಿಸಿ ನೀರಲ್ಲಿ ನೆನೆಸಿದ ಒಂದು ಚೂರು ಉಪ್ಪಾಗೆ ಸಾಕು.

ಇನ್ನು ಯಾವ ಮೀನು? ವಾರದ ಮಧ್ಯೆ ತಿನ್ನೋ ಮೀನು ವರ್ಷವಿಡೀ ಸಿಗೋ ಮೀನಾಗಿರ್ಬೇಕು. ಘಟ್ಟ ಹತ್ತಿ ಬರೋ ಬಂಗುಡೆ ಇದಕ್ಕೆ ಹೇಳಿ ಮಾಡಿಸಿದ್ದು, ಅದರ ಎಣ್ಣೆಯಂಶವೇ ಅದನ್ನ ಒಣಗೋಕೆ ಬಿಡಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು ಇದೆ. 1965ರಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದಾಗ ಹಿನ್ನೀರು ಎನ್.ಆರ್.ಪುರದ ಮಗ್ಗುಲಿಗೇ ಬಂತು. ಊರು, ಗದ್ದೆ, ತೋಟ ನುಂಗಿದ ನೀರು ಅದು. ಅದರಲ್ಲೀಗ ಬಿತ್ತಿದ ಮೀನು ಬೆಳೆಯುತ್ತೆ, ಅದನ್ನ ಹಿಡಿದೇ ಬದುಕೋ ಮನೆಗಳಿವೆ.

ಆದ್ರೆ ಮುಂಗಾರಿನ ಮೊದಲ ನೀರಿಗೆ ಹಳ್ಳ, ಗದ್ದೆ ಕಡೆ ಹತ್ತಿ ಬರೋ ಹತ್ತುಮೀನನ್ನ ದಯವಿಟ್ಟು ಬಿಟ್ಬಿಡಿ. ಅದು ಬರ್ತಿರೋದು ಮೊಟ್ಟೆ ಇಡೋಕೆ. ಹಿಂದೆ ಒಂದೆರಡು ಕೂಣಿ ಇಟ್ಟು ಸಿಕ್ಕಷ್ಟು ತಿಂತಿದ್ದ ಕಾಲ ಬೇರೆ. ಈಗ ಸಣ್ಣ ಕಣ್ಣಿನ ಬಲೆ, ಸಾಲದ್ದಕ್ಕೆ ವಿಷ, ತೋಟೆ. ಶೃಂಗೇರಿಯಲ್ಲಿ ಮಠದ ಮುಂದೆ ತುಂಗೆಯಲ್ಲಿ ಮೈತುಂಬಿಕೊಂಡ ಮೀನುಗಳಿಗೆ ಮಂಡಕ್ಕಿ ಹಾಕಿ ಖುಷಿ ಪಡ್ತೀವಿ. ಅವು ಅಷ್ಟು ದೊಡ್ಡದಾಗಿರೋದು ಮಂಡಕ್ಕಿಯಿಂದಲ್ಲ ಸ್ವಾಮಿ, ಯಾರೂ ಮುಟ್ಟದೆ ಇರೋದ್ರಿಂದ. ಎರಡು ತಿಂಗಳು ಉಳಿದ ಹೊಳೆಗೂ ಅಷ್ಟು ಮರ್ಯಾದೆ ಕೊಟ್ರೆ ಏನು ನಷ್ಟ?

"ಅದೆಲ್ಲ ಸರಿ, ಆದ್ರೆ ಅದು ಮೀನು ಸಾರು ಅಲ್ವಲ್ಲ" ಅಂತೀರಾ. ಖಂಡಿತ ಅಲ್ಲ. ಕಡುಬು ಮೀನು ಸಾರಿನ ಜಾಗಕ್ಕೆ ಇದನ್ನ ತಂದು ಕೂರಿಸೋ ಆಲೋಚನೆ ನನಗಿಲ್ಲ, ಭಾನುವಾರ ಅದರದ್ದೇ. ನಾನು ಕೇಳ್ತಿರೋದು ಬುಧವಾರ ಮಾತ್ರ. ಬಿಸಿ ಅನ್ನಕ್ಕೆ ಆ ಟೊಮ್ಯಾಟೊ ರಸ ಕಲಸಿ ನೋಡಿ, ಆಮೇಲೆ ಮಾತಾಡೋಣ.

ನಿಜವಾದ ವಿಷಯ ಬೇರೆ ಇದೆ. ನಮ್ಮ ಕಡೆ ಗಂಡಸರಿಗೆ ಅಡುಗೆ ಬರಲ್ಲ ಅನ್ನೋದು ಶುದ್ಧ ಸುಳ್ಳು. ತೋಟದಲ್ಲಿ ನೆಂಟರು ಸೇರಿದಾಗ, ಹೊಳೆ ದಂಡೆಯ ಪಾರ್ಟಿಯಲ್ಲಿ ಮೂರು ಕಲ್ಲಿಟ್ಟು ಐವತ್ತು ಜನಕ್ಕೆ ಮಾಂಸ ಬೇಯಿಸ್ತಾರೆ, ಹೊಗಳಿಸ್ಕೋತಾರೆ. ಬರದೆ ಇರೋದು ವಾರದ ಮಧ್ಯದ ಅಡುಗೆ. ಯಾರೂ ಹೊಗಳದ, ನಾಳೆ ಮತ್ತೆ ಮಾಡ್ಬೇಕಾದ, ಪಾತ್ರೆ ತೊಳೆಯೋದೂ ಸೇರಿದ ಅಡುಗೆ. "ಅಮ್ಮನ ಕೈರುಚಿ ಯಾರಿಗೂ ಬರಲ್ಲ" ಅನ್ನೋ ಮಾತು ಹೊಗಳಿಕೆ ಥರ ಕೇಳ್ಸುತ್ತೆ, ಆದ್ರೆ ಎಷ್ಟೋ ಮನೆಯಲ್ಲಿ ಅದು ಅಮ್ಮನನ್ನ ಅಡುಗೆಮನೆಯಿಂದ ಹೊರಗೆ ಬಿಡದ ಚಿಲಕ. ಕಷ್ಟದ ಅಡುಗೆಯನ್ನ ದೇವರ ಮಟ್ಟಕ್ಕೆ ಏರಿಸಿಟ್ರೆ ಕಲಿಯೋ ಜವಾಬ್ದಾರಿ ಯಾರಿಗೂ ಇರಲ್ಲ ನೋಡಿ. ಸುಲಭದ ಅಡುಗೆಗೆ ಈ ನೆಪ ಇಲ್ಲ. ಹತ್ತು ನಿಮಿಷ ಹೆಚ್ಚೋದು, ಓವನ್ನಿನ ಗುಂಡಿ ತಿರುಗಿಸೋದು. ಇದು ಬರಲ್ಲ ಅಂತ ಯಾವ ಇಂಜಿನಿಯರ್ ಹೇಳ್ತಾನೆ?

ಅದಕ್ಕೇ ನನಗೆ ಈ ಟ್ರೇ ಇಷ್ಟ. ಊರಿಗೆ ಹೋದಾಗಲೂ ಒಂದು ಬುಧವಾರ ಮುಚ್ಚಳದ ಪಾತ್ರೆಯಲ್ಲಿ ಇದನ್ನ ಮಾಡಿ ಬಡಿಸಿ, ಅಮ್ಮ ಮೊದಲು ಊಟಕ್ಕೆ ಕೂರಲಿ. "ಉಪ್ಪು ಕಮ್ಮಿ ಆಯ್ತು ಕಣೋ" ಅಂತಾರೆ, ಅನ್ಲಿ ಬಿಡಿ. ಇಷ್ಟು ವರ್ಷ ಆ ಮಾತು ಕೇಳಿಸ್ಕೊಂಡಿದ್ದು ಅವರು :-)

ನಿಮ್ಮೂರಲ್ಲಿ ಮೀನಿಗೆ ಯಾವ ಹುಳಿ ಹಾಕ್ತಾರೆ? ವಾಟೆ, ಉಪ್ಪಾಗೆ, ಮುರುಗಲು, ಬಿಂಬ್ಳಿ? ತಿಳಿಸಿ. ಜೊತೆಗೆ ಇದನ್ನೂ ಹೇಳಿ: ನಿಮ್ಮನೇಲಿ ಬುಧವಾರ ಯಾರು ಅಡುಗೆ ಮಾಡ್ತಾರೆ?