ಹಳೆಯ ಜೀಪು, ಒಂದು ಮಿಲಿಮೀಟರ್

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ರಾಶಿಯ ಕಾಲಕ್ಕೆ ಹೊಲದ ದಾರಿ ಹಿಡಿದರೆ ಯಾವುದಾದರೂ ತಗಡಿನ ಶೆಡ್ಡಿನ ಕೆಳಗೆ ಹಳೆಯ ಜೀಪೊಂದು ಕಣ್ಣಿಗೆ ಬಿದ್ದೀತು. ಬಾನೆಟ್ಟಿನ ಮೇಲೆ ಗೋಣಿಚೀಲ, ಸೀಟಿನ ಮೇಲೆ ಕೋಳಿ. ಒಂದು ಕಾಲಕ್ಕೆ ಯಾವುದೋ ಇಲಾಖೆಯ ಸವಾರಿಯಾಗಿದ್ದು ಹರಾಜಿನಲ್ಲಿ ಊರು ಸೇರಿದ ಗಾಡಿ ಅದು. ಅಜ್ಜ ಕೊಂಡದ್ದನ್ನು ಈಗ ಮೊಮ್ಮಗ ಮತ್ತೆ ರಸ್ತೆಗಿಳಿಸಬೇಕೆಂದು ಹೊರಡುತ್ತಾನೆ. ಕಲಬುರಗಿಯ ಲೇಥ್ ಅಂಗಡಿಗೆ ಹೋದೊಡನೆ ಕೇಳುವ ಮೊದಲ ಪ್ರಶ್ನೆ, ‘ಬೋರ್ ಎಷ್ಟು ಮಾಡಲಿ?’

ಅಮೆರಿಕದಲ್ಲಿ ಹಳೆಯ ಗಾಡಿಯ ಹುಚ್ಚು ಹತ್ತಿದವರು ‘ಮಸಲ್ ಕಾರು’ಗಳ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. 1964ರ ಪಾಂಟಿಯಾಕ್ ಜಿಟಿಒ ಎಂಬ ಕಾರಿಗೆ 8 ಸಿಲಿಂಡರು, 6.4 ಲೀಟರಿನ ಹೊಟ್ಟೆ, 325 ಅಶ್ವಶಕ್ತಿ. ನಮ್ಮ ಜೀಪೂ ಹುಟ್ಟಿನಿಂದ ಅಮೆರಿಕದ್ದೇ. ಓಹಾಯೊದ ಟೊಲೀಡೊ ನಗರದ ವಿಲ್ಲಿಸ್ ಕಂಪನಿಯ ಗಾಡಿಯನ್ನು ಇಲ್ಲಿ ಮಹೀಂದ್ರ ಕಂಪನಿ ಜೋಡಿಸಿ, ಮುಂದೆ ತಾನೇ ತಯಾರಿಸಿತು. ಬಾನೆಟ್ಟು ಎತ್ತರವಿರುವ ಜೀಪು 1953ರ ಸಿಜೆ-3ಬಿ ಮಾದರಿಯದು. ಆ ಎತ್ತರಕ್ಕೂ ಕಾರಣವುಂಟು. ಅದರ ‘ಹರಿಕೇನ್’ ಎಂಜಿನ್ನಿನಲ್ಲಿ ಗಾಳಿ ಒಳಗೆಳೆಯುವ ವಾಲ್ವುಗಳನ್ನು ಪಕ್ಕದ ಬ್ಲಾಕಿನಿಂದ ತೆಗೆದು ಮೇಲಿನ ಹೆಡ್ಡಿಗೆ ಏರಿಸಿದರು. ಎಂಜಿನ್ನು ಎತ್ತರವಾಯಿತು, ಮುಚ್ಚಳವನ್ನೂ ಏರಿಸಬೇಕಾಯಿತು.

ಈಗ ಬೋರಿನ ಲೆಕ್ಕಕ್ಕೆ ಬರೋಣ. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 79.4 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 111.1 ಮಿ.ಮೀ. ನಾಲ್ಕೂ ಸೇರಿ ಸುಮಾರು 2,200 ಸಿಸಿ. ಸವೆದ ಸಿಲಿಂಡರನ್ನು 1 ಮಿ.ಮೀ. ಅಗಲ ಕೊರೆದು ದೊಡ್ಡ ಪಿಸ್ಟನ್ ಹಾಕಿದರೆ 2,256 ಸಿಸಿ ಆಗುತ್ತದೆ. ಅಂದರೆ ಹೆಚ್ಚಿದ್ದು ನೂರಕ್ಕೆ ಎರಡೂವರೆ! ‘ಬೋರ್ ಮಾಡಿಸಿದ ಮೇಲೆ ಗಾಡಿ ಹುಲಿಯಾಯಿತು’ ಎಂದು ಹೇಳುವವರಿದ್ದಾರೆ. ಹುಲಿಯಾದದ್ದು ಈ ಎರಡೂವರೆಯಿಂದಲ್ಲ, ಸೋರುತ್ತಿದ್ದ ಒತ್ತಡ ನಿಂತದ್ದರಿಂದ.

ಇದೇ ಎಂಜಿನ್ನಿನ ಹಿಂದಿನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ವಿಲ್ಲಿಸ್ ಕಂಪನಿಯ ಕಾರಿನ ಎಂಜಿನ್ನಿಗೆ ಇದ್ದದ್ದು 48 ಅಶ್ವಶಕ್ತಿ. ಬಾರ್ನಿ ರೂಸ್ ಎಂಬ ಮುಖ್ಯ ಎಂಜಿನಿಯರು ಅದನ್ನು 60ಕ್ಕೆ ಏರಿಸಿದ. ಯುದ್ಧದ ಜೀಪಿಗೆ ಕೂತದ್ದು ಇದೇ. ಸಿಲಿಂಡರಿನ ಗಾತ್ರವನ್ನು ಆತ ಹೆಚ್ಚಿಸಲಿಲ್ಲ. ಹಗುರ ಪಿಸ್ಟನ್, ಗಟ್ಟಿ ಮಿಶ್ರಲೋಹ, ಬಿಗಿಯಾದ ಅಳತೆ, ಇವುಗಳಿಂದಲೇ ನೂರಕ್ಕೆ ಇಪ್ಪತ್ತೈದು ಪಾಲು ಹೆಚ್ಚು ಶಕ್ತಿ ತೆಗೆದ. ಲೋಹ ಕೊರೆದು ಸಿಗುವುದು ಎರಡೂವರೆ, ಅಳತೆ ಸರಿಮಾಡಿ ಸಿಕ್ಕಿದ್ದು ಇಪ್ಪತ್ತೈದು. ಲೇಥ್ ಅಂಗಡಿಯ ಗೋಡೆಗೆ ಬರೆದು ಹಾಕಬೇಕಾದ ಲೆಕ್ಕ ಇದು.

ಹಾಗಾದರೆ ಕೊರೆಯಲೇಬಾರದೆ? ಕೊರೆಯಬೇಕು, ಆದರೆ ಅಳೆದ ಮೇಲೆ. ಸಿಲಿಂಡರು ಬಾವಿಯ ಹಾಗೆ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ನಿಲ್ಲುವ ಜಾಗದಲ್ಲಿ ಬೆಂಕಿ ಹೆಚ್ಚು, ಎಣ್ಣೆ ಕಡಿಮೆ, ಸವೆತ ಅಲ್ಲಿಯೇ ಜಾಸ್ತಿ. ಉಗುರು ಆಡಿಸಿದರೆ ಅಂಚು ಸಿಗುತ್ತದೆ. ನಮ್ಮ ಸೀಮೆಯಲ್ಲಿ ಇನ್ನೊಂದು ಶತ್ರುವೆಂದರೆ ಎರೆಮಣ್ಣಿನ ದೂಳು. ಗಾಳಿ ಶುದ್ಧಿಮಾಡಲು ಈ ಜೀಪಿಗೆ ಎಣ್ಣೆಯ ಬಟ್ಟಲೊಂದಿದೆ. ಅದು ಒಣಗಿದ್ದರೆ ದೂಳು ನೇರವಾಗಿ ಸಿಲಿಂಡರಿಗೆ ಇಳಿದು, ರಿಂಗಿನ ಜೊತೆ ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ.

ಬಿಚ್ಚುವ ಮುಂಚೆಯೇ ಒಂದು ಪರೀಕ್ಷೆ ಮಾಡಬಹುದು. ಪ್ಲಗ್ಗು ತೆಗೆದು ಅಲ್ಲಿ ಒತ್ತಡದ ಗೇಜು ಹಿಡಿದು ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಬೇಕು. ಒತ್ತಡ ಕಡಿಮೆ ಬಂದರೆ ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಎಣ್ಣೆ ಹಾಕಿ ಮತ್ತೆ ತಿರುಗಿಸಬೇಕು. ಎಣ್ಣೆ ಹಾಕಿದ ಮೇಲೆ ಒತ್ತಡ ಏರಿದರೆ ರಿಂಗು ಸವೆದಿವೆ. ಏರದಿದ್ದರೆ ರೋಗ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆ. ವಾಲ್ವು ಉಜ್ಜಿದರೆ ಹೋಗುವ ರೋಗಕ್ಕೆ ಸಿಲಿಂಡರು ಕೊರೆದುಬಿಟ್ಟರೆ ಆ ಲೋಹ ಮತ್ತೆ ಬರುವುದಿಲ್ಲ. ಬೋರ್ ಮಾಡುವುದು ಸಾಮಾನ್ಯವಾಗಿ 0.5, 0.75, 1 ಮಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಕೊನೆಯ ಮೆಟ್ಟಿಲೂ ಮುಗಿದ ಬ್ಲಾಕಿಗೆ ತೋಳು ಹೊಡೆಸಿ, ಅಂದರೆ ಒಳಗೆ ತೆಳುವಾದ ಲೋಹದ ಕೊಳವೆ ಕೂರಿಸಿ, ಮೂಲ ಅಳತೆಗೆ ತರಬಹುದು. ದುಡ್ಡು ಸ್ವಲ್ಪ ಹೆಚ್ಚು, ಆದರೆ ಬ್ಲಾಕು ಉಳಿಯುತ್ತದೆ. ಮೊದಲನೆಯ ಸಲವೇ 1 ಮಿ.ಮೀ.ಗೆ ಹಾರುವ ಅಂಗಡಿಗಳೂ ಉಂಟು. ಆ ಅಳತೆಯ ಪಿಸ್ಟನ್ ಅವರ ಕಪಾಟಿನಲ್ಲಿ ಇರುತ್ತದೆ, ಅಷ್ಟೇ ಕಾರಣ!

ಕೊರೆದ ಮೇಲೆ ಗೋಡೆ ಕನ್ನಡಿಯ ಹಾಗೆ ನುಣುಪಾಗಿರಬಾರದು. ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಗೀರು ಎಳೆದಿರಬೇಕು. ಆ ಗೀರುಗಳಲ್ಲಿ ಎಣ್ಣೆ ನಿಂತು ರಿಂಗನ್ನು ಕಾಯುತ್ತದೆ. ಹೊಸ ರಿಂಗನ್ನು ಸಿಲಿಂಡರಿನಲ್ಲಿಟ್ಟು ಬಾಯಿಯ ಸಂದು ನೋಡಬೇಕು. 0.2ರಿಂದ 0.33 ಮಿ.ಮೀ. ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ಕಾದು ಹಿಗ್ಗಿದಾಗ ತುದಿಗೆ ತುದಿ ಒತ್ತಿ ರಿಂಗು ಮುರಿಯುತ್ತದೆ. ರೈಲು ಹಳಿಯ ನಡುವೆ ಸಂದು ಬಿಡುವುದು ಇದೇ ಕಾರಣಕ್ಕೆ ಎಂದು ಪಾಠದಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ‘ಸುಧಾರಣೆ’ಯ ಆಸೆ. ಹೆಡ್ಡನ್ನು ಸ್ವಲ್ಪ ಉಜ್ಜಿ ಒತ್ತಡದ ಅನುಪಾತ ಏರಿಸಬಹುದು. 6.5ರಿಂದ 8ಕ್ಕೆ ಏರಿದರೆ ಪುಸ್ತಕದ ಸೂತ್ರದಂತೆ ದಕ್ಷತೆ ಸುಮಾರು ಶೇಕಡಾ 7 ಹೆಚ್ಚು. ಇದು ಬೋರಿಗಿಂತ ಲಾಭದಾಯಕ. ಆದರೆ ಶಾಖವೂ ಏರುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಒಳಗೆಲ್ಲ ಸುಣ್ಣ ಕಟ್ಟಿದ ಎಂಜಿನ್ನಿಗೆ ಇದು ಮಾರಕ. ಮೊದಲು ನೀರಿನ ದಾರಿಗಳನ್ನು ತೊಳೆಸಬೇಕು. ಪೆಟ್ರೋಲೂ ಬದಲಾಗಿದೆ. 2000ದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಸೀಸವು ಹೊಗೆ ವಾಲ್ವಿನ ಸೀಟನ್ನು ಕಾಯುತ್ತಿತ್ತು. ಈಗ ಅಲ್ಲಿ ಗಡಸು ಲೋಹದ ಸೀಟಿದೆಯೇ ಎಂದು ನೋಡಬೇಕು. ಈಚೆಗೆ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಸೇರುತ್ತಿದೆ. ಭೀಮಾ ತೀರದಲ್ಲಿ ಬೆಳೆಯುವಂಥ ಕಬ್ಬಿನಿಂದಲೂ ಅದು ತಯಾರಾಗುತ್ತದೆ. ಹೆಮ್ಮೆಯ ಮಾತೇ ಸರಿ, ಆದರೆ ಹಳೆಯ ರಬ್ಬರು ಕೊಳವೆ, ಪಂಪಿನ ಪೊರೆ ಅದಕ್ಕೆ ಮೆದುವಾಗಿ ಸೋರತೊಡಗುತ್ತವೆ. ಅವನ್ನು ಬದಲಿಸದೆ ಎಂಜಿನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಬೆಂಕಿಯ ಭಯ ತಪ್ಪದು.

ಹಲವರು ಪೆಟ್ರೋಲು ಎಂಜಿನ್ನನ್ನೇ ಕಿತ್ತು ಡೀಸೆಲ್ ಕೂರಿಸಿದರು. ಖರ್ಚು ಉಳಿಯಿತು, ನಿಜ. ಈಗ ಮಾತ್ರ ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದೆ ಅದಕ್ಕೆ ಕೈ ಹಾಕುವುದು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡಿ ಸಿಕ್ಕಿಬೀಳಬೇಕಾದೀತು.

ಎಷ್ಟು ಓಡಿಸಬಹುದು ಎಂಬುದಕ್ಕೂ ಲೆಕ್ಕವಿದೆ. ಈ ಜೀಪಿನ ಗೇರು ಹೊಲ, ಹಳ್ಳಕ್ಕೆ ಮಾಡಿದ್ದು. ಗಂಟೆಗೆ 80 ಕಿ.ಮೀ. ಓಡಿದರೆ ಎಂಜಿನ್ನು ನಿಮಿಷಕ್ಕೆ ಸುಮಾರು 3,150 ಸುತ್ತು ತಿರುಗುತ್ತದೆ, ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 11.7 ಮೀಟರು. ಶೆವ್ರೊಲೆ ಕಂಪನಿಯ ಹೆಸರಾದ 350 ಎಂಜಿನ್ನಿನಲ್ಲಿ ಪಿಸ್ಟನ್ ಓಡಾಟ ಬರೀ 88 ಮಿ.ಮೀ.; ಅದು 4,000 ಸುತ್ತು ತಿರುಗಿದರೂ ವೇಗ ಅಷ್ಟೇ. ಆದ್ದರಿಂದ ಜೀಪಿನವನು ಜೇವರ್ಗಿ ಹೆದ್ದಾರಿಯಲ್ಲಿ ಕಾರಿನ ಬೆನ್ನು ಹತ್ತಬಾರದು. 60ರಲ್ಲಿ ಹೋದರೆ ಎಂಜಿನ್ನಿಗೂ ಸುಖ, ಪವರ್ ಇಲ್ಲದ ಹಳೆಯ ಡ್ರಮ್ ಬ್ರೇಕಿಗೂ ಸುಖ.

ಕಟ್ಟಿ ಮುಗಿದ ಮೇಲೆ ಮೊದಲ 500 ಕಿ.ಮೀ. ಹಗುರವಾಗಿ, ಒಂದೇ ವೇಗಕ್ಕೆ ಅಂಟಿಕೊಳ್ಳದೆ ಓಡಿಸಬೇಕು. ಆಮೇಲೆ ಎಂಜಿನ್ ಬಿಸಿ ಇದ್ದಾಗಲೇ ಎಣ್ಣೆ ಬಸಿದು ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಹಿಡಿದು ನೋಡಬೇಕು. ಮೊದಲ ಸಲ ಲೋಹದ ಪುಡಿ ಸ್ವಲ್ಪ ಮಿನುಗಿದರೆ ಚಿಂತೆಯಿಲ್ಲ. ಎರಡನೆಯ ಸಲವೂ ಮಿನುಗಿದರೆ ಸಂಪು ಬಿಚ್ಚಿ ಬೇರಿಂಗು ನೋಡಲೇಬೇಕು.